ಸಿದ್ದಕ್ಕನ ಕೈತುತ್ತು

ಸಿದ್ದಕ್ಕ ಚಿಮ್ಮಡದಿಂದ ಹುನ್ನೂರಿಗೆ ಎರಡನೇ ಹೆಂಡತಿಯಾಗಿ ಬಂದಾಗ, ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದೊಳಗೆ ಸೇರಿ ಬಹಳ ಕಾಲ ಆಗಿರಲಿಲ್ಲ. ಕಚೇರಿಯ ಮುದ್ರೆ ಬದಲಾಗಿತ್ತು, ರಸ್ತೆಯಲ್ಲಿ ಎಸ್.ಟಿ. ಬಸ್ಸು ಓಡಾಡತೊಡಗಿತ್ತು. ಕುರುಬರ ಓಣಿಯಲ್ಲಿ ಮಾತ್ರ ಎಲ್ಲ ಮೊದಲಿನಂತೆಯೇ ಇತ್ತು. ಆಕೆಗೆ ಆಗ ಹದಿನೆಂಟು ಇರಬಹುದು. ಉದ್ದನೆಯ ಹುಡುಗಿ, ಎಡಗೆನ್ನೆಯ ಮೇಲೆ ಕಡಲೆ ಗಾತ್ರದ ಮಚ್ಚೆ. ಮುಂದಿನ ಹಲ್ಲೊಂದು ಸೊಟ್ಟಗಿದ್ದುದರಿಂದ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಬಂದ ಮೊದಲ ವಾರ ಬಹಳ ನಕ್ಕಳು ಎಂದು ಓಣಿಯವರು ಆಮೇಲೆ ನೆನೆಸಿಕೊಂಡು ಹೇಳುತ್ತಿದ್ದರು.

ಗಂಡ ಹಾಲಸಿದ್ದಪ್ಪ ಕುರಿಗಾರ. ಮಳೆಗಾಲ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗುಂಟ ಹೊರಟನೆಂದರೆ ತಿಂಗಳುಗಟ್ಟಲೆ ಮನೆಯ ಕಡೆ ಬರುತ್ತಿರಲಿಲ್ಲ. ಮೊದಲ ಹೆಂಡತಿ ಕರೆವ್ವ ಅವನ ಸ್ವಂತ ಅಕ್ಕ ಲಗಮವ್ವನ ಮಗಳು. ಎರಡನೇ ಹೆರಿಗೆಯಲ್ಲಿ ಕೂಸಿನ ಸಮೇತ ತೀರಿಕೊಂಡಿದ್ದಳು. ಅವಳ ಮೊದಲ ಮಗಳು ಶೇವಂತಿ ಉಳಿದಿದ್ದಳು. ಆರೇಳು ವರ್ಷದ, ಬಡಕಲು ಕಾಲಿನ, ದೊಡ್ಡ ಕಣ್ಣಿನ ಹುಡುಗಿ. ಲಗಮವ್ವ ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದವಳು. ಹಾಗಾಗಿ ಆ ಮನೆಗೆ ಅಕ್ಕನೂ ಅವಳೇ, ಅತ್ತೆಯೂ ಅವಳೇ, ಶೇವಂತಿಗೆ ತಾಯಿಯ ತಾಯಿ, ಆಯಿಯೂ ಅವಳೇ. ಸಿದ್ದಕ್ಕ ಆಕೆಯ ವಯಸ್ಸು ನೋಡಿ ‘ಅತ್ತಿ’ ಎಂದೇ ಕರೆದಳು.

ಮದುವೆಯ ದಿನ ಹಾಲಸಿದ್ದಪ್ಪ ಕರೆವ್ವನ ಬೋರಮಾಳ ಸರವನ್ನು ಪೆಟ್ಟಿಗೆಯಿಂದ ತೆಗೆದು ಸಿದ್ದಕ್ಕನ ಕೊರಳಿಗೆ ಹಾಕಿದ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮನೆಯ ಚಿನ್ನ, ಮನೆಯ ಹೆಂಡತಿ. ಲಗಮವ್ವ ಮಾತ್ರ ಅಕ್ಷತೆ ಹಿಡಿದ ಕೈಯನ್ನು ಹಾಗೇ ಮುಚ್ಚಿಕೊಂಡು ಒಳಗೆ ಹೋದಳು. ಅಕ್ಕಿಕಾಳು ಬಹಳ ಹೊತ್ತು ಆಕೆಯ ಮುಷ್ಟಿಯಲ್ಲೇ ಇದ್ದುದನ್ನು ಪಕ್ಕದ ಮನೆಯ ಸಾವಕ್ಕ ಕಂಡಳು. ಸಾವಕ್ಕನ ಮನೆಗೂ ಇವರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಮುಂದೆ ನಡೆದದ್ದರಲ್ಲಿ ಹೆಚ್ಚಿನ ಭಾಗ ಜನರಿಗೆ ಗೊತ್ತಾದದ್ದು ಈ ಸಾವಕ್ಕನ ಬಾಯಿಂದಲೇ.

ಲಗಮವ್ವ ಕತೆ ಹೇಳುವುದರಲ್ಲಿ ಗಟ್ಟಿಗಳು. ಮಧ್ಯಾಹ್ನ ಕಟ್ಟೆಯ ಮೇಲೆ ರಾಟಿ ಹಾಕಿಕೊಂಡು ಉಣ್ಣೆ ನೂಲುತ್ತ ಶುರುಮಾಡಿದರೆ ಓಣಿಯ ಮಕ್ಕಳೆಲ್ಲ ಮುತ್ತಿಕೊಳ್ಳುತ್ತಿದ್ದವು. ಕೈ ನೂಲೆಳೆಯುವುದು ನಿಲ್ಲುತ್ತಿರಲಿಲ್ಲ, ದನಿಯೂ ನಿಲ್ಲುತ್ತಿರಲಿಲ್ಲ. ರಾಜನ ಎರಡನೇ ಹೆಂಡತಿಯ ಕತೆಯನ್ನು ಆಕೆ ಮೊದಲಿನಿಂದಲೂ ಹೇಳುತ್ತಿದ್ದಳು. ರಾಜ ಬೇಟೆಗೆ ಹೋದಾಗ ಮಲತಾಯಿ ಹುಡುಗಿಯ ತಲೆ ಬಾಚುವ ನೆಪದಲ್ಲಿ ವಿಷದ ಹಣಿಗೆ ಚುಚ್ಚುತ್ತಾಳೆ. ಹುಡುಗಿ ಸತ್ತು ಹಿತ್ತಲಲ್ಲಿ ದಾಳಿಂಬೆಯ ಗಿಡವಾಗುತ್ತಾಳೆ. ತಂದೆ ಬಂದು ಹಣ್ಣು ಬಿಡಿಸಿದರೆ ಒಳಗಿನಿಂದ ಮಗಳು ಎದ್ದು ಬರುತ್ತಾಳೆ. ಮಕ್ಕಳು ಆ ಜಾಗಕ್ಕೆ ಬಂದಾಗ ಕೈಚಪ್ಪಾಳೆ ಹೊಡೆಯುತ್ತಿದ್ದವು.

ಮದುವೆಯ ನಂತರ ಲಗಮವ್ವ ಆ ಕತೆಯ ಕೊನೆಯನ್ನು ಕತ್ತರಿಸಿದಳು. ರಾಜ ಹಣ್ಣು ಬಿಡಿಸಿದ. ಒಳಗೆ ಹುಳು ಇತ್ತು. ಅಷ್ಟೇ. ಮಕ್ಕಳು ಬಾಯಿ ತೆರೆದು ಕೂತವು. ಕೆಲವು ಎದ್ದು ಹೋದವು. ಶೇವಂತಿ ಹೋಗಲಿಲ್ಲ.

ಆಮೇಲೆ ಕತೆ ಒಂದೊಂದೇ ಹೆಜ್ಜೆ ಇಡುತ್ತ ಊರೊಳಗೆ ಬಂತು. ರಾಜ ಹೋಗಿ ಕುರಿಗಾರನಾದ. ಅರಮನೆ ಹೋಗಿ ಮಣ್ಣಿನ ಮನೆಯಾಯಿತು, ಬಾಗಿಲಲ್ಲಿ ಬೇವಿನ ಮರ ಹುಟ್ಟಿತು. ಮಲತಾಯಿ ಹಳ್ಳ ದಾಟಿ ಹಸಿರು ಸೀರೆಯುಟ್ಟು ಬಂದಳು. ಕೊನೆಗೆ ಅವಳ ಎಡಗೆನ್ನೆಯ ಮೇಲೆ ಒಂದು ಮಚ್ಚೆ ಮೂಡಿತು. ಸಾವಕ್ಕ ಗೋಡೆಯ ಈಚೆ ರೊಟ್ಟಿ ಬಡಿಯುತ್ತ ಅದನ್ನು ಕೇಳಿ ಕೈ ನಿಲ್ಲಿಸಿದಳು.

ಒಂದು ದಿನ ಸಿದ್ದಕ್ಕ ಬಟ್ಟಲಲ್ಲಿ ಎಣ್ಣೆ, ಕೈಯಲ್ಲಿ ಹಣಿಗೆ ಹಿಡಿದುಕೊಂಡು ಶೇವಂತಿಯನ್ನು ಕರೆದಳು. ತಾಯಿಯಿಲ್ಲದ ಕೂಸಿನ ತಲೆ ಜಡೆಗಟ್ಟಿತ್ತು.

“ಬಾರ ಶೇವಂತಿ, ತಲಿ ಹಿಕ್ಕತೇನಿ. ಹೇನು ಆಗ್ಯಾವ ನೋಡು.”

ಹುಡುಗಿ ಹಣಿಗೆ ನೋಡಿದಳು, ಆಕೆಯ ಕೆನ್ನೆ ನೋಡಿದಳು. ಆಮೇಲೆ ಕುರಿ ಕೊಯ್ದಾಗ ಬರುವಂಥ ದನಿಯಲ್ಲಿ ಕಿರುಚಿದಳು. ಬಾವಿಗೆ ಹೋಗುತ್ತಿದ್ದ ಹೆಂಗಸರು ಕೊಡ ಇಳಿಸಿ ಓಡಿ ಬಂದರು. ಶೇವಂತಿ ಬೇವಿನ ಮರಕ್ಕೆ ಬೆನ್ನು ಹಚ್ಚಿ ನಡುಗುತ್ತಿದ್ದಳು. ಸಿದ್ದಕ್ಕ ಎಣ್ಣೆಯ ಕೈಯೊಂದಿಗೆ ನಿಂತೇ ಇದ್ದಳು. ಒಬ್ಬಳೂ ಆಕೆಯನ್ನು ಏನೂ ಕೇಳಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ಲಗಮವ್ವನ ಕೈಗೆ ಕೊಟ್ಟು ಹೋದರು.

ಸಾವಕ್ಕ ಆ ಸಂಜೆ ಸಿದ್ದಕ್ಕನಿಗೆ ಕತೆಯ ಸಂಗತಿಯನ್ನೆಲ್ಲ ಹೇಳಿದಳು. ಮರುದಿನ ಸಿದ್ದಕ್ಕ ಧೈರ್ಯ ಮಾಡಿ ಅತ್ತೆಯ ರಾಟಿಯ ಮುಂದೆ ಹೋಗಿ ಕೂತಳು.

“ಅತ್ತಿ, ಅಂಥಾ ಕತಿ ಯಾಕ ಹೇಳ್ತೀರಿ ಕೂಸಿಗೆ? ನನ್ನ ಕಂಡ್ರ ಅಂಜತೈತಿ.”

“ಕತಿ ಅಂದ್ರ ಕತಿ ಬೇ. ನಿನಗ್ಯಾಕ ಚುಚ್ಚತೈತಿ? ನಿನ್ನ ಹೆಸರು ತಗೊಂಡೇನೇನು?”

“ಹೆಸರೊಂದು ಬಿಟ್ಟು ಎಲ್ಲಾ ತಗೊಂಡೀರಿ.”

“ಹಂಗಾದ್ರ ಅದನ್ನೂ ತಗೋತೇನಿ,” ಎಂದು ಲಗಮವ್ವ ನೂಲೆಳೆದಳು. ಅಂದೇ ಮಧ್ಯಾಹ್ನ ಮಲತಾಯಿಗೆ ಸಿದ್ದವ್ವ ಎಂದು ಹೆಸರಿಟ್ಟಳು.

ಸಿದ್ದಕ್ಕ ತಾನೂ ಒಂದು ಕತೆ ಹೇಳಿ ನೋಡಿದಳು. ಒಬ್ಬ ಚಿಗವ್ವ, ಚಿಕ್ಕತಾಯಿ, ತನ್ನದಲ್ಲದ ಕೂಸಿಗೆ ಹಾಲಿಲ್ಲದ ಎದೆ ಕೊಟ್ಟಳಂತೆ, ದೇವರು ಹಾಲು ತುಂಬಿಸಿದನಂತೆ. ಕತೆ ಕಟ್ಟುವುದು ಆಕೆಗೆ ಬರುತ್ತಿರಲಿಲ್ಲ, ನಡುವೆ ತಡವರಿಸಿದಳು. ಶೇವಂತಿ ದೂರದಿಂದ ಕೇಳಿ, “ಇದು ಸುಳ್ಳು ಕತಿ,” ಎಂದು ಎದ್ದು ಹೋದಳು.

ಹುಡುಗಿ ಸಿದ್ದಕ್ಕ ಮಾಡಿದ್ದನ್ನು ಉಣ್ಣುವುದು ಬಿಟ್ಟಳು. ಲಗಮವ್ವ ಬೇರೆಯೇ ಒಲೆ ಹೂಡಿ ಅವಳಿಗೊಂದು ರೊಟ್ಟಿ ಬಡಿದು ಕೊಡುತ್ತಿದ್ದಳು. ನೀರು ಬೇರೆ ಗಡಿಗೆಯಲ್ಲಿ. ಹಾಲಸಿದ್ದಪ್ಪ ಹಿಂಡಿನಿಂದ ಮನೆಗೆ ಬಂದಾಗ ಎರಡು ಒಲೆ ನೋಡಿ ಕೇಳಿದ. ಅಕ್ಕ, “ಕೂಸು ನನಗ ಹೊಂದಿಕೊಂಡೈತಿ, ಇರ್ಲಿ ಬಿಡು,” ಎಂದಳು. ಅವನು ಬಿಟ್ಟ. ಸಿದ್ದಕ್ಕ ರಾತ್ರಿ ಏನೋ ಹೇಳಹೊರಟರೆ, “ಹೆಂಗಸರ ಜಗಳ ನನ್ನ ಮುಂದ ತರಬ್ಯಾಡ,” ಎಂದು ಮಗ್ಗುಲಾದ.

ಹೀಗೆ ಒಂದು ವರ್ಷ ಹೋಯಿತು. ಸಿದ್ದಕ್ಕನ ನಗು ನಿಂತಿತು. ಬಾವಿಯ ಹತ್ತಿರ ಆಕೆ ಬಂದರೆ ಎಳೆಮಕ್ಕಳ ತಾಯಂದಿರು ಮಕ್ಕಳ ಮುಖಕ್ಕೆ ಸೆರಗು ಹಾಕುತ್ತಿದ್ದರು. ಒಂದು ಹೊತ್ತು, ಲಗಮವ್ವ ನೂಲು ಕೊಡಲು ಹೋಗಿದ್ದಾಗ, ಶೇವಂತಿ ಹಸಿದು ಒಲೆಯ ಹತ್ತಿರ ಸುಳಿದಾಡುತ್ತಿದ್ದಳು. ಸಿದ್ದಕ್ಕ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಮುಂದೆ ಇಟ್ಟಳು. ಹುಡುಗಿ ಕಾಲಿನಿಂದ ತಾಟು ಒದ್ದಳು.

“ಇದರಾಗ ಹಾಕೀದಿ. ನಂಗ ಗೊತ್ತೈತಿ.”

ಸಿದ್ದಕ್ಕ ಒಲೆ ಬಿಟ್ಟು ಎದ್ದಳು. ಹುಡುಗಿಯ ರೆಟ್ಟೆ ಹಿಡಿದು ಮುಖದ ಹತ್ತಿರ ಮುಖ ತಂದಳು.

“ಹೌದು, ಹಾಕೇನಿ. ರೊಟ್ಟ್ಯಾಗೂ ಹಾಕೇನಿ, ನೀರಾಗೂ ಹಾಕೇನಿ. ನಿನ್ನ ಆಯಿ ನೂಲೂ ಉಣ್ಣ್ಯಾಗೂ ಹಾಕೇನಿ. ಎಲ್ಲಿ ಹೋಗ್ತಿ ನೀ?”

ಶೇವಂತಿ ಕಿರುಚಲಿಲ್ಲ. ಕಣ್ಣು ಅಗಲ ಮಾಡಿ, ಉಸಿರು ಹಿಡಿದು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಸಿದ್ದಕ್ಕನಿಗೆ ಒಂದು ಗಳಿಗೆ ಹೊಟ್ಟೆಯೊಳಗೆ ತಣ್ಣಗಾದಂತಾಯಿತು. ಇಷ್ಟು ದಿನ ತನ್ನನ್ನು ಕಂಡು ಹುಡುಗಿ ಅಂಜುತ್ತಿದ್ದಾಗ ಆಗುತ್ತಿದ್ದ ನೋವು ಅಂದು ಆಗಲಿಲ್ಲ. ಆಮೇಲೆ ಆಕೆ ಅದನ್ನು ಮತ್ತೆ ಮತ್ತೆ ಮಾಡಿದಳು. ಹುಡುಗಿ ಹಾದುಹೋಗುವಾಗ ಒಳಕಲ್ಲಿನಲ್ಲಿ ಏನೂ ಇಲ್ಲದಿದ್ದರೂ ಅರೆದಂತೆ ಸದ್ದು ಮಾಡುವಳು. ಹಣಿಗೆಯನ್ನು ತೋರಿಸಿ ಬೆರಳಿಂದ ಅದರ ಹಲ್ಲು ಮಿಡಿಯುವಳು. ಓಣಿಯೆಲ್ಲ ತನ್ನನ್ನು ರಾಕ್ಷಸಿ ಎಂದ ಮೇಲೆ, ಆ ಹೆಸರಿನ ಸುಖವನ್ನಾದರೂ ಒಂದಿಷ್ಟು ಉಣ್ಣಬೇಕೆಂದು ಆಕೆಗೆ ಅನಿಸಿರಬೇಕು.

ಮರುವರ್ಷ ಶ್ರಾವಣದ ಮಳೆಗೆ ಊರಲ್ಲಿ ಚಳಿಜ್ವರ ಹಬ್ಬಿತು. ಮನೆಮನೆಯಲ್ಲಿ ಕಂಬಳಿ ಹೊದ್ದು ನಡುಗುವವರು. ಶೇವಂತಿಗೂ ಬಂತು. ದಿನ ಬಿಟ್ಟು ದಿನ ಬರುತ್ತಿದ್ದ ಚಳಿ ಆಮೇಲೆ ದಿನವೂ ಬಂತು, ಕಣ್ಣಿನ ಬಿಳಿಭಾಗ ಹಳದಿಯಾಯಿತು. ಹಾಲಸಿದ್ದಪ್ಪ ಆ ಸಲ ಮಳೆಗಾಲದಲ್ಲೂ ಹಿಂಡಿನ ಜೊತೆ ಬೀಳಗಿಯ ಕಡೆ ಇದ್ದ. ಲಗಮವ್ವ ದೇವರ ಅರಿಸಿನಪುಡಿ, ಭಂಡಾರ ಹಚ್ಚಿದಳು, ಬೀರೇಶ್ವರನಿಗೆ ಹರಕೆ ಹೊತ್ತಳು. ಜ್ವರ ಇಳಿಯಲಿಲ್ಲ.

ಸಿದ್ದಕ್ಕನೇ ಒಂದು ಬೆಳಿಗ್ಗೆ ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಜಮಖಂಡಿಯ ದವಾಖಾನೆಗೆ ನಡೆದಳು. ಮಳೆಗೆ ರಸ್ತೆ ಕೆಟ್ಟು ಬಸ್ಸು ನಿಂತಿತ್ತು. ಹುಡುಗಿಗೆ ಎಚ್ಚರವಿರಲಿಲ್ಲ, ಇದ್ದಿದ್ದರೆ ಆ ಹೆಗಲ ಮೇಲೆ ಇರುತ್ತಿರಲಿಲ್ಲ. ಬಿಸಿಯಾದ ಆ ತಲೆ ದಾರಿಯುದ್ದಕ್ಕೂ ಸಿದ್ದಕ್ಕನ ಕುತ್ತಿಗೆಗೆ ಒತ್ತಿಕೊಂಡಿತ್ತು. ತನ್ನ ಹೊಟ್ಟೆಯಲ್ಲಿ ಆಗಲೇ ಒಂದು ಜೀವ ಮೂಡಿರುವುದು ಆಕೆಗೆ ಆ ವಾರವಷ್ಟೇ ಖಾತ್ರಿಯಾಗಿತ್ತು. ದಾರಿಯಲ್ಲಿ ಎರಡು ಮಕ್ಕಳನ್ನು ಹೊತ್ತು ನಡೆದಂತೆ ಅನಿಸಿತು ಎಂದು ಆಕೆ ಸಾವಕ್ಕನಿಗೆ ಹೇಳಿದ್ದಳು.

ಡಾಕ್ಟರು ಕಣ್ಣು, ಹೊಟ್ಟೆ ನೋಡಿ ಕ್ವಿನೈನ್ ಗುಳಿಗೆ ಕಾಗದದಲ್ಲಿ ಕಟ್ಟಿಕೊಟ್ಟರು.

“ಭಾಳ ಕಹಿ ಇರತಾವ. ಉಗುಳಿದ್ರೂ ಬಿಡಬ್ಯಾಡವಾ, ಮತ್ತ ಹಾಕು. ಬಿಟ್ಟಿ ಅಂದ್ರ ಕೂಸು ಉಳಿಯಾಂಗಿಲ್ಲ.”

ಮನೆಗೆ ಬರುವ ಹೊತ್ತಿಗೆ ಶೇವಂತಿ ಕಣ್ಣು ಬಿಟ್ಟಿದ್ದಳು. ಸಿದ್ದಕ್ಕ ಗುಳಿಗೆಯನ್ನು ಪುಡಿಮಾಡಿ ಬೆಲ್ಲದಲ್ಲಿ ಕಲಸಿ ಬಾಯಿಗೆ ಹಿಡಿದಳು. ಹುಡುಗಿ ನಾಲಿಗೆಗೆ ತಾಕಿದ ಕೂಡಲೇ ಉಗುಳಿ, ಆಯಿಯ ಕಡೆ ನೋಡಿದಳು.

“ಆಯಿ, ಕಹಿ ಐತಿ. ನೀ ಕತ್ಯಾಗ ಹೇಳಿದಂಗ ಕಹಿ ಐತಿ.”

ಸಿದ್ದಕ್ಕ ಲಗಮವ್ವನ ಕಾಲು ಹಿಡಿದಳು. “ಅತ್ತಿ, ನೀವರೆ ಕೊಡ್ರಿ. ನಿಮ್ಮ ಕೈಲೆ ಆದ್ರ ನುಂಗತಾಳ. ನಿಮ್ಮ ಕಾಲ ಬೀಳ್ತೇನಿ, ಕೊಡ್ರಿ.”

ಲಗಮವ್ವ ಗುಳಿಗೆಯೊಂದನ್ನು ಅಂಗೈಯಲ್ಲಿಟ್ಟು ಮೂಸಿದಳು. ನಾಲಿಗೆಯ ತುದಿಗೆ ಹಚ್ಚಿದಳು. ಆಕೆಯ ಮುಖ ಬಿಳಿಚಿತು. ಎರಡು ವರ್ಷದಿಂದ ತಾನು ಕಟ್ಟಿ ಹೇಳಿದ್ದನ್ನು ಆಕೆ ಅಷ್ಟರಲ್ಲಿ ತಾನೇ ನಂಬಿಬಿಟ್ಟಿದ್ದಳು.

“ನೀ ತಂದದ್ದು ನಾ ಹ್ಯಾಂಗ ಕೊಡ್ಲಿ?” ಎಂದು ಅದನ್ನು ಒಲೆಗೆ ಎಸೆದಳು.

ಸಿದ್ದಕ್ಕ ಬಲವಂತದಿಂದ ಹಾಕಲು ನೋಡಿದಳು. ಮೂಗು ಹಿಡಿದಳು, ದವಡೆ ಅದುಮಿದಳು. ಜ್ವರದ ಕೂಸಿಗೆ ಎಲ್ಲಿಂದ ಶಕ್ತಿ ಬಂತೋ, ಬೆರಳನ್ನು ಎಲುಬು ಕಾಣುವಂತೆ ಕಚ್ಚಿತು. “ನೀನ ಹೇಳೀದಿ, ಎಲ್ಲಾದ್ರಾಗೂ ಹಾಕೇನಿ ಅಂತ, ನೀನ ಹೇಳೀದಿ,” ಎಂದು ಕೂಗಿತು. ಸಿದ್ದಕ್ಕ ಹಿಡಿದ ದವಡೆ ಬಿಟ್ಟಳು. ಸಾವಕ್ಕ ಬಂದು ತಾನು ಕೊಡಲು ನೋಡಿದಳು. ಅಷ್ಟರಲ್ಲಿ ಹುಡುಗಿ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆಯಿಯ ಕೈಯ ನೀರನ್ನು ಸಹ ಮೂಸಿ ಮುಖ ತಿರುಗಿಸುತ್ತಿದ್ದಳು. ಕೊನೆಗೆ ಕೈಕಾಲು ಸೆಟೆದು, ಕಣ್ಣು ಮೇಲಾಗಿ, ಸಾವಕ್ಕನ ತೊಡೆಯ ಮೇಲೆ ಜೀವ ಬಿಟ್ಟಳು. ಬಾಯಿ ಗಟ್ಟಿಯಾಗಿ ಮುಚ್ಚಿತ್ತು. ಮಣ್ಣು ಮಾಡುವ ಮೊದಲು ನೀರು ಬಿಡಲು ಅದನ್ನು ತೆರೆಯಲಾಗಲಿಲ್ಲ.

ಹಾಲಸಿದ್ದಪ್ಪ ಸುದ್ದಿ ತಿಳಿದು ಬರುವಷ್ಟರಲ್ಲಿ ಗುಡ್ಡೆಯ ಮಣ್ಣು ಒಣಗಿತ್ತು. ಕಂಬಳಿ ಕೆಳಗಿಡದೆ ಹೆಂಡತಿಯ ಮುಂದೆ ನಿಂತ.

“ಏನ್ ಕೊಟ್ಟಿ ನನ್ನ ಮಗಳಿಗೆ?”

“ದವಾಖಾನಿ ಗುಳಿಗಿರೀ. ಒಂದೂ ನುಂಗಲಿಲ್ಲ, ಉಗುಳಿದ್ಲು.”

“ಉಗುಳಿದ್ದು ಎಷ್ಟು, ಒಳಗ ಹೋದದ್ದು ಎಷ್ಟು, ಯಾರು ಕಂಡಾರು?” ಎಂದಳು ಲಗಮವ್ವ ಮೂಲೆಯಿಂದ.

ಮಾತು ಹಿರಿಯರ ಮುಂದೆ ಹೋಯಿತು. ಬೀರೇಶ್ವರನ ಗುಡಿಯ ಮುಂದೆ ಓಣಿಯೆಲ್ಲ ಕೂಡಿತು. ಹಿರಿಯ ಗಿರಮಲ್ಲಪ್ಪ ಕೆಟ್ಟವನಲ್ಲ. ಬೇಗ ಬಗೆಹರಿಸಿ ಮನೆಗೆ ಹೋಗಬೇಕೆಂದಿದ್ದವನು. ಉಳಿದ ಗುಳಿಗೆಯ ಪೊಟ್ಟಣವನ್ನು ಭಂಡಾರದ ತಟ್ಟೆಯಲ್ಲಿ ಇಡಿಸಿದ.

“ಔಷಧಿ ಅಂತಿ. ಔಷಧಿ ಆಗಿದ್ರ ತಿಂದವರಿಗೆ ಏನೂ ಆಗೂದಿಲ್ಲ. ದೇವರ ಮುಂದ ಇವನ್ನೆಲ್ಲಾ ನೀ ನುಂಗು. ಮೂರು ದಿನ ಉಳದ್ರ ನಿನ್ನ ಮ್ಯಾಲೆ ಮಾತಿಲ್ಲ.”

ಸಿದ್ದಕ್ಕ ಗಂಡನ ಹತ್ತಿರ ಸರಿದು, ಅವನಿಗಷ್ಟೇ ಕೇಳುವಂತೆ ಹೇಳಿದಳು. “ನಾ ಹೊಟ್ಟೀಲಿ ಅದೇನ್ರೀ. ನಿಮಗ ಹೇಳಬೇಕಂತ ಕಾಯಾಕತ್ತಿದ್ದೆ.”

ಹಾಲಸಿದ್ದಪ್ಪ ನೆಲ ನೋಡಿದ.

“ಔಷಧಿ ಆಗಿದ್ರ ಅದಕ್ಕೂ ಏನೂ ಆಗೂದಿಲ್ಲಲ್ಲ,” ಎಂದ.

ಆಕೆ ತಟ್ಟೆ ಎತ್ತಿಕೊಂಡಳು. ಒಂದೊಂದಾಗಿ ನುಂಗಿದಳು. ನೀರು ಕೊಡಲು ಒಬ್ಬರೂ ಮುಂದೆ ಬರಲಿಲ್ಲ. ಸಾವಕ್ಕ ಕೊನೆಗೆ ತಂಬಿಗೆ ತಂದಳು. ಕಹಿಗೆ ಕಣ್ಣಲ್ಲಿ ನೀರು ಬಂದದ್ದನ್ನು ಜನ ಅಳು ಎಂದುಕೊಂಡರು. ಆ ಸಂಜೆಯೇ ಕಿವಿಯಲ್ಲಿ ಗುಂಯ್ ಎನ್ನತೊಡಗಿತು, ನೆಲ ತಿರುಗಿತು, ಕರುಳು ಕಿತ್ತುಬರುವಂತೆ ವಾಂತಿಯಾಯಿತು. ಮೂರನೆಯ ದಿನಕ್ಕೆ ಗರ್ಭ ಹೋಯಿತು. ಆಕೆ ಮಾತ್ರ ಉಳಿದಳು. ಹಾಗಾಗಿ ಗಿರಮಲ್ಲಪ್ಪ ಆಕೆಯದು ತಪ್ಪಿಲ್ಲವೆಂದು ಸಾರಿದ.

ಓಣಿಯ ಹೆಂಗಸರು ಒಪ್ಪಲಿಲ್ಲ. ಕೂಸನ್ನು ಕೊಲ್ಲುವ ವಿಷ ದೊಡ್ಡವರನ್ನು ಕೊಲ್ಲಬೇಕೆಂದೇನಿದೆ ಎಂದರು. ಹೊಟ್ಟೆಯೊಳಗಿನ ಕೂಸು ಹೋಯಿತಲ್ಲ, ಬೀರಪ್ಪನೇ ಲೆಕ್ಕ ಚುಕ್ತಾ ಮಾಡಿದ ಎಂದರು. ಸಿದ್ದಕ್ಕನಿಗೆ ಮುಂದೆ ಬಸಿರು ನಿಲ್ಲಲಿಲ್ಲ. ತವರಿಗೆ ಹೋಗೋಣವೆಂದರೆ ಅಪ್ಪ ಪಾಂಡಪ್ಪ ಚಿಮ್ಮಡದಿಂದ ಬಂದವನು ಬಾಗಿಲಲ್ಲೇ ನಿಂತು, “ಮನ್ಯಾಗ ಇನ್ನಿಬ್ಬರು ಹೆಣ್ಣುಮಕ್ಕಳು ಲಗ್ನಕ್ಕ ಬಂದಾರ ಯವ್ವಾ, ನೀ ಈಗ ಬಂದಿ ಅಂದ್ರ ಅವರ ಗತಿ ಏನು,” ಎಂದು ನೀರೂ ಕುಡಿಯದೆ ತಿರುಗಿ ಹೋಗಿದ್ದ.

ಲಗಮವ್ವ ಆಮೇಲೆ ಕಟ್ಟೆಯ ಮೇಲೆ ಒಂದೇ ಕತೆ ಹೇಳುತ್ತಿದ್ದಳು. ಅದರಲ್ಲಿ ಶೇವಂತಿಯ ಹೆಸರೂ ಸೇರಿತ್ತು. ಸಿದ್ದಕ್ಕ ಒಳಗೆ ರೊಟ್ಟಿ ಬಡಿಯುತ್ತ ಅದನ್ನು ದಿನವೂ ಕೇಳಿದಳು. ಕೇಳಿ ಕೇಳಿ ಎಲ್ಲಿ ದನಿ ಏರುತ್ತದೆ, ಎಲ್ಲಿ ಉಸಿರು ಹಿಡಿಯುತ್ತಾಳೆ ಎಲ್ಲ ಬಾಯಿಪಾಠವಾಯಿತು.

ಎರಡು ಬೇಸಿಗೆ ಕಳೆದ ಮೇಲೆ ಲಗಮವ್ವನಿಗೆ ಲಕ್ವಾ ಹೊಡೆಯಿತು. ರಾಟಿಯ ಮುಂದೆಯೇ ಬಲಕ್ಕೆ ವಾಲಿ ಬಿದ್ದಳು. ಬಲಗೈ, ಬಲಗಾಲು ಹೋದವು. ಬಾಯಿ ಸೊಟ್ಟಗಾಯಿತು, ಮಾತು ಪೂರ್ತಿ ಹೋಯಿತು. ಗಂಟಲಿನಿಂದ ಒಂದು ಗೊರಗೊರ ಸದ್ದು ಮಾತ್ರ ಬರುತ್ತಿತ್ತು. ಬುದ್ಧಿ ಚೆನ್ನಾಗಿಯೇ ಇತ್ತು, ಕಿವಿ ಇನ್ನೂ ಚೆನ್ನಾಗಿತ್ತು. ಹಾಲಸಿದ್ದಪ್ಪ ಹಿಂಡಿಗೆ ಹೊರಡುವ ಮುನ್ನ ಹೆಂಡತಿಗೆ, “ಈಕೀನ್ನ ನೀನ ನೋಡ್ಕೋಬೇಕು, ಬ್ಯಾರೆ ಯಾರದಾರು,” ಎಂದ. ಆಕೆ ಹೂಂ ಎಂದಳು.

ಮೊದಲ ದಿನ ಸಿದ್ದಕ್ಕ ಮಜ್ಜಿಗೆಯಲ್ಲಿ ಕಲಸಿದ ನುಚ್ಚನ್ನು ಬಟ್ಟಲಲ್ಲಿ ತಂದು ಬಾಯಿಗೆ ಹಿಡಿದಾಗ ಮುದುಕಿ ಹಲ್ಲು ಕಚ್ಚಿದಳು. ಎರಡನೇ ದಿನವೂ ಕಚ್ಚಿದಳು. ಸಾವಕ್ಕ ಕರುಣೆಯಿಂದ ಬಂದು ಉಣಿಸಿದಳು. ಆದರೆ ಅವಳಿಗೂ ಹೊಲವಿತ್ತು, ಮನೆಯಿತ್ತು, ದಿನವೂ ಬರುವುದಾಗಲಿಲ್ಲ. ಹಸಿವು ತಡೆಯದೆ ಲಗಮವ್ವ ಕೊನೆಗೆ ಬಾಯಿ ತೆರೆದಳು. ಆಗ ಸಿದ್ದಕ್ಕ ಚಮಚವನ್ನು ಹಿಂದಕ್ಕೆ ತೆಗೆದುಕೊಂಡು, ಹಾಸಿಗೆಯ ಪಕ್ಕ ಕಾಲು ಮಡಚಿ ಕೂತಳು.

“ಮೊದಲ ಕತಿ ಕೇಳ್ರಿ ಅತ್ತಿ. ನಿಮ್ಮ ಕತೀನ.”

ಮುದುಕಿಯ ದನಿಯಲ್ಲೇ, ಅದೇ ಏರಿಳಿತದಲ್ಲಿ ಹೇಳಿದಳು. ಹಳ್ಳ ದಾಟಿ ಬಂದ ಹಸಿರು ಸೀರೆಯ ಹೆಣ್ಣು, ಕೆನ್ನೆಯ ಮಚ್ಚೆ, ಬೇವಿನ ಮರ. ವಿಷವನ್ನು ಹೇಗೆ ಅರೆದಳು, ಯಾವುದರಲ್ಲಿ ಬೆರೆಸಿದಳು, ನಾಲಿಗೆಗೆ ಮೊದಲು ಎಲ್ಲಿ ಉರಿಯಿತು, ಕರುಳು ಹೇಗೆ ಗಂಟಾಯಿತು. ಹುಡುಗಿಯ ಜಾಗದಲ್ಲಿ ಈಗ ಎದ್ದು ಓಡಲಾರದ ಒಬ್ಬ ಮುದುಕಿ ಇದ್ದಳು. ಕತೆ ಮುಗಿದ ಮೇಲೆ ಚಮಚ ತುಂಬಿ ತುಟಿಯ ಹತ್ತಿರ ಹಿಡಿದು ಕೇಳಿದಳು:

“ಉಣ್ತೀರೇನು?”

ಲಗಮವ್ವನ ಕಣ್ಣಿಂದ ನೀರಿಳಿದು ಕಿವಿಯೊಳಗೆ ಹೋಯಿತು. ಬಾಯಿ ತೆರೆದಳು. ನುಂಗಿದಳು. ನುಂಗಿದ ಮೇಲೆ ಹೊಟ್ಟೆ ಉರಿಯುತ್ತದೆಯೋ ಎಂದು ಕಣ್ಣು ಮುಚ್ಚಿ ಕಾದಳು. ಸಿದ್ದಕ್ಕ ಅದನ್ನು ನೋಡುತ್ತ ಕೂತಳು.

ದಿನಕ್ಕೆ ಎರಡು ಹೊತ್ತು ಹೀಗೇ ನಡೆಯಿತು. ಅನ್ನಕ್ಕೆ ಆಕೆ ಎಂದೂ ಏನೂ ಹಾಕಲಿಲ್ಲ. ಮುದುಕಿಯನ್ನು ಬಿಸಿನೀರಿನಲ್ಲಿ ಒರೆಸಿದಳು, ಮಗ್ಗುಲು ಬದಲಿಸಿದಳು, ಮಲಮೂತ್ರ ಬಳಿದಳು. ಬೆನ್ನಿಗೆ ಒಂದೂ ಹುಣ್ಣಾಗಲಿಲ್ಲ. ನೋಡಿದ ಹೆಂಗಸರೆಲ್ಲ ಬೆರಗಾದರು. ಮೊದಲು ಮಕ್ಕಳ ಮುಖಕ್ಕೆ ಸೆರಗು ಹಾಕಿದವರೇ ಸಿದ್ದಕ್ಕನಂಥ ಸೊಸೆ ಯಾರಿಗೆ ಸಿಗಬೇಕು ಎನ್ನತೊಡಗಿದರು. ಆಕೆಗೆ ಆ ಹೊಗಳಿಕೆ ಬೇಕಿರಲಿಲ್ಲ. ಕತೆಯ ಹೊತ್ತಿಗಾಗಿ ಬೆಳಿಗ್ಗೆಯಿಂದ ಕಾಯುತ್ತಿದ್ದಳು.

ಗೋಡೆಯಾಚೆಯಿಂದ ಎಲ್ಲ ಕೇಳುತ್ತಿದ್ದ ಸಾವಕ್ಕ ಒಂದು ದಿನ ತಡೆಯಲಾರದೆ ಬಂದಳು.

“ಯಾಕ ಬೇ ಸಿದ್ದಕ್ಕಾ, ದಿನಾ ಎರಡು ಸಲ ಕೊಲ್ಲಾಕತ್ತಿ ಅಕಿನ್ನ?”

“ನಾ ಎಲ್ಲಿ ಕೊಲ್ಲಾಕತ್ತೇನಿ? ಹೊಟ್ಟಿ ತುಂಬ ಉಣಸಾಕತ್ತೇನಿ. ಕತಿ ಅಂದ್ರ ಕತಿ.”

“ಸಾಕು ಮಾಡು. ದೇವರಿಗೆ ಅಂಜು.”

“ದೇವರ ಮುಂದ ನುಂಗಿ ಬಂದೇನಿ ಸಾವಕ್ಕಾ. ಇನ್ನ ಏನಂತ ಅಂಜಲಿ?”

ಸಾವಕ್ಕ ಎದ್ದು ಗೋಡೆಯಾಚೆ ತನ್ನ ಮನೆಗೆ ಹೋದಳು.

ಒಂದು ವರ್ಷದ ಮೇಲೆ ಆಗಿರಬೇಕು. ಒಂದು ಬೆಳಿಗ್ಗೆ ಸಿದ್ದಕ್ಕ ಬಟ್ಟಲು ಹಿಡಿದು ಕೂತು, “ಒಂದೂರಾಗ...” ಎಂದಳಷ್ಟೇ, ಲಗಮವ್ವ ಬಾಯಿ ತೆರೆದಳು. ಕತೆ ಶುರುವಾಗುವುದಕ್ಕೂ ಅನ್ನ ಬರುವುದಕ್ಕೂ ನಂಟು ಕೂಡಿ, ಗೂಡಿನ ಮರಿಯಂತೆ ಸೊಟ್ಟ ಬಾಯಿ ತಾನಾಗಿ ತೆರೆದಿತ್ತು. ಕಣ್ಣಲ್ಲಿ ಅಂಜಿಕೆಯೂ ಇತ್ತು, ಹಸಿವೂ ಇತ್ತು. ಸಿದ್ದಕ್ಕ ಚಮಚ ಬಟ್ಟಲಲ್ಲೇ ಬಿಟ್ಟು ಆ ಬಾಯಿಯನ್ನೇ ನೋಡಿದಳು. ಎದುರಿಗಿದ್ದದ್ದು ತನ್ನ ಬದುಕು ಹಾಳುಮಾಡಿದ ಹೆಂಗಸೆಂದು ಎಷ್ಟು ನೆನಪು ಮಾಡಿಕೊಂಡರೂ, ಕಂಡದ್ದು ಒಂದು ಮೂಳೆಯ ಚೀಲ. ಆ ದಿನ ಹೇಗೋ ಕತೆ ಮುಗಿಸಿದಳು. ಮರುದಿನ ನಿರ್ಧಾರ ಮಾಡಿಕೊಂಡು, ಹಾಲು ಹಾಕಿ ಮೆತ್ತಗೆ ಬೇಯಿಸಿದ ನುಚ್ಚು ತಂದಳು. ಹಾಸಿಗೆಯ ಪಕ್ಕ ಕೂತು, ಒಂದು ಮಾತೂ ಆಡದೆ, ಚಮಚ ತುಂಬಿ ತುಟಿಗೆ ಹಿಡಿದಳು.

ಲಗಮವ್ವ ಕತೆಗಾಗಿ ಕಾದಳು. ಬರಲಿಲ್ಲ. ಬಟ್ಟಲು ನೋಡಿದಳು; ದಿನದ ಮಜ್ಜಿಗೆಯಲ್ಲ, ಹಾಲು. ಸಿದ್ದಕ್ಕನ ಮುಖ ನೋಡಿದಳು. ಅದರಲ್ಲಿ ಎಂದೂ ಇಲ್ಲದ ಮೆದುತನ ಇತ್ತು. ಮುದುಕಿಯ ಕಣ್ಣು ಹೆದರಿಕೆಗೆ ಅಗಲವಾದವು. ಕತೆ ಹೇಳುತ್ತಿದ್ದಷ್ಟು ದಿನ ಅದು ಬರೀ ಕತೆಯಾಗಿತ್ತು. ಇಂದು ಕತೆ ಇಲ್ಲ, ಹಾಗಾದರೆ ವಿಷ ಬಟ್ಟಲಲ್ಲೇ ಇರಬೇಕು. ಆಕೆ ತನ್ನ ಒಂದು ಕೈಯಿಂದ ಚಮಚ ತಳ್ಳಿ, ತುಟಿ ಬಿಗಿದುಕೊಂಡಳು.

“ಉಣ್ರಿ ಅತ್ತಿ. ಇನ್ನ ಹೇಳೂದಿಲ್ಲ ನಾ. ಮುಗೀತು.”

ಮುಗೀತು ಎಂಬ ಮಾತಿಗೆ ಮುದುಕಿ ಇನ್ನಷ್ಟು ಗೋಡೆಗೆ ಸರಿದಳು. ಸಿದ್ದಕ್ಕ ಅದೇ ಬಟ್ಟಲಿನಿಂದ ತಾನು ತಿಂದು ತೋರಿಸಿದಳು. ಸಾವಕ್ಕನನ್ನು ಕರೆದು ತಿನ್ನಿಸಿದಳು. ಸಾವಕ್ಕ ತಾನೇ ಮಾಡಿ ತಂದ ಅಂಬಲಿಯನ್ನು ಹಿಡಿದರೂ ಬಾಯಿ ತೆರೆಯಲಿಲ್ಲ. ಕೊನೆಗೆ ಸಿದ್ದಕ್ಕ ಆ ಕತೆಯನ್ನೇ ಮತ್ತೆ ಹಿಡಿದಳು. “ಒಂದೂರಾಗ ಒಬ್ಬಾಕಿ ಮಲತಾಯಿ ಇದ್ಲಂತ, ಅತ್ತಿ, ಕೇಳ್ರಿ, ಹಸಿರ ಸೀರಿ ಉಟ್ಟಿದ್ಲಂತ...” ಎಂದು ಅಳುತ್ತ, ತೊದಲುತ್ತ, ಏರಿಳಿತವೆಲ್ಲ ತಪ್ಪಿ ಹೇಳಿದಳು. ಲಗಮವ್ವ ಮುಖ ತಿರುಗಿಸಿಯೇ ಇದ್ದಳು. ಆ ವಾರ ಮುಗಿಯುವುದರೊಳಗೆ ಸತ್ತಳು. ಹೊಟ್ಟೆ ಬೆನ್ನಿಗೆ ಅಂಟಿತ್ತು.

ಓಣಿಯವರು ಸಿದ್ದಕ್ಕನನ್ನು ಸಮಾಧಾನ ಮಾಡಿದರು. ಮಗಳು ಕೂಡ ಇಷ್ಟು ಮಾಡುತ್ತಿರಲಿಲ್ಲ ಎಂದರು. ಹಾಲಸಿದ್ದಪ್ಪ ದಿನಕರ್ಮ ಮುಗಿಸಿ, ಆ ಸಲ ಹಿಂಡನ್ನು ದಾಯಾದಿಯೊಬ್ಬನ ಜೊತೆ ಕಳಿಸಿ ತಾನು ಮನೆಯಲ್ಲೇ ಉಳಿದ. ಗಂಡಹೆಂಡತಿ ಇಬ್ಬರೇ ಆ ಮನೆಯಲ್ಲಿ ಇದ್ದದ್ದು ಅದೇ ಮೊದಲು. ಅವನು ಜಗಳವಾಡಲಿಲ್ಲ, ಹೊಡೆಯಲಿಲ್ಲ. ಊಟವನ್ನು ಹೊರಗೆ ಕಟ್ಟೆಯ ಮೇಲೆ ಮಾಡುತ್ತಿದ್ದ, ಸೆಕೆ ಎಂದು.

ಒಂದು ಮಧ್ಯಾಹ್ನ ಸಿದ್ದಕ್ಕ ಪಲ್ಯ ಮರೆತು, ಅದನ್ನು ಕೊಡಲು ಹೊರಗೆ ಬಂದಳು. ಹಾಲಸಿದ್ದಪ್ಪ ರೊಟ್ಟಿಯ ಒಂದು ಚೂರನ್ನು ಸಾರಿನಲ್ಲಿ ಅದ್ದಿ ಕುರಿನಾಯಿಯ ಮುಂದೆ ಹಾಕಿದ್ದ. ನಾಯಿ ತಿಂದಿತು. ಅವನು ಉಣ್ಣದೆ, ನಾಯಿಯನ್ನೇ ನೋಡುತ್ತ ಕೂತಿದ್ದ. ನಾಯಿ ತಿಂದು ಮುಗಿಸಿ ಇನ್ನೊಂದು ಚೂರು ಕೇಳದೆ ತನ್ನ ಜಾಗಕ್ಕೆ ಹೋಗಿ ಮಲಗಿತು. ತನ್ನ ಪಾಲು ಅಷ್ಟೇ ಎಂದು ಅದಕ್ಕೆ ರೂಢಿಯಾಗಿತ್ತು. ಆಮೇಲೆ ಅವನು ಉಣ್ಣಲು ಶುರುಮಾಡಿದ.

“ಯಾವಾಗಿಂದರೀ?” ಎಂದಳು ಸಿದ್ದಕ್ಕ.

ಅವನು ಬೆಚ್ಚಿ ತಿರುಗಿದ. ಸುಳ್ಳು ಹೇಳಲು ಬರಲಿಲ್ಲ.

“ಶೇವಂತಿ ಹೋದಾಗಿಂದ.”

ಅಷ್ಟು ವರ್ಷ ಅವನು ಆಕೆಯ ಜೊತೆ ಮಲಗಿದ್ದ, ಆಕೆ ಹೊಲಿದ ಅಂಗಿ ತೊಟ್ಟಿದ್ದ, ತನ್ನ ಅಕ್ಕನನ್ನು ಆಕೆಯ ಕೈಗೊಪ್ಪಿಸಿ ಹೋಗಿದ್ದ. ಸಿದ್ದಕ್ಕ ಪಲ್ಯದ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಬಂದಾಗ ಅವನು ಇನ್ನೂ ಅಲ್ಲೇ ಇದ್ದ.

“ಎಲ್ಲಿಗೆ?”

“ಯಾವೂರಾಗ ನನ್ನ ಕತಿ ಗೊತ್ತಿಲ್ಲೋ ಅಲ್ಲಿಗೆ.”

ಅವನು ತಡೆಯಲಿಲ್ಲ. ಎಸ್.ಟಿ. ನಿಲ್ಲುವ ಜಾಗದವರೆಗೆ ಸಾವಕ್ಕ ಜೊತೆಗೆ ಬಂದಳು.

ಸಿದ್ದಕ್ಕ ರಬಕವಿಯಲ್ಲಿ ಇಳಿದಳು. ಅಲ್ಲಿನ ನೇಕಾರ ನೀಲಕಂಠನ ಮನೆಯಲ್ಲಿ ಸೀರೆಯ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಸಿಕ್ಕಿತು. ಉಣ್ಣೆ ನೂಲಬಲ್ಲ ಕೈ ಹತ್ತಿಯ ಎಳೆಗೆ ಬೇಗ ಹೊಂದಿತು. ಮುಂಬೈ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದ ವರ್ಷ ಬೀದಿಯಲ್ಲಿ ಸಕ್ಕರೆ ಹಂಚುವಾಗ, ನೀಲಕಂಠನ ಹೆಂಡತಿ ಶಂಕ್ರೆವ್ವ ತಟ್ಟೆಯನ್ನು ಆಕೆಯ ಕೈಗೆ ಕೊಟ್ಟು, ಓಣಿಯ ಮಕ್ಕಳಿಗೆ ಕೊಟ್ಟು ಬಾ ಎಂದಳು. ಸಿದ್ದಕ್ಕ ತಟ್ಟೆಯನ್ನು ಕೆಳಗಿಟ್ಟು ಮತ್ತೆ ಕಂಡಿಕೆ ಸುತ್ತಲು ಕೂತಳು. ಶಂಕ್ರೆವ್ವ ಸೊಕ್ಕು ಎಂದುಕೊಂಡಳು. ಆಮೇಲೆ ಗಮನಿಸಿ ನೋಡಿದರೆ, ಆಕೆ ಯಾರಿಗೂ ಒಂದು ಲೋಟ ನೀರನ್ನೂ ಎತ್ತಿ ಕೊಡುತ್ತಿರಲಿಲ್ಲ. ಕೇಳಿದವರಿಗೆ ಗಡಿಗೆಯ ಕಡೆ ಕೈ ತೋರಿಸುತ್ತಿದ್ದಳು. ಅವರೇ ಬಗ್ಗಿಸಿಕೊಂಡು ಕುಡಿಯುತ್ತಿದ್ದರು.